ಮಂಗಳೂರಿನ ಬೊಮ್ಮ, ಬೆಂಗಳೂರಿನ ಬಾರ್ನ್, ಬಳ್ಳಾರಿಯ ಕೈದಿಗಳು

ನರಮೇಧದ ಅಧ್ಯಯನ, ಯಹೂದಿ ಚರಿತ್ರೆ ಅಂದರೆ ವಿಮಾನ ಹತ್ತಿ ಹೋಗಿ ಓದಬೇಕಾದ ವಿಷಯ ಎಂದುಕೊಂಡಿದ್ದೇವೆ. ಅದರ ಕಡತಗಳಲ್ಲಿ ನಮ್ಮ ಊರುಗಳ ಹೆಸರೇ ಇದೆ. ಡಿಸೆಂಬರ್ 9, ಜನಾಂಗಹತ್ಯೆಗೆ ಬಲಿಯಾದವರನ್ನು ಜಗತ್ತು ನೆನೆಯುವ ದಿನ. ಆ ನೆಪದಲ್ಲಿ ಬಳ್ಳಾರಿಯಿಂದ ಹೊರಟ ಒಂದು ಹುಡುಕಾಟ.

ಸಂಜೆಯಾಗುತ್ತಿದ್ದಂತೆ ಬ್ರೂಸ್‌ಪೇಟೆಯಲ್ಲಿ ಬಾಣಲೆಗಳು ಕಾಯುತ್ತವೆ. ವಗ್ಗಾಣಿ ಜೊತೆ ಮಿರ್ಚಿ ಕಟ್ಟಿಸಿಕೊಳ್ಳಲು ನಿಂತವರ ಬಾಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಮಾತಿನೊಳಗೆ ಹಾದು ಹೋಗುತ್ತವೆ. ಸ್ಕೂಟರುಗಳ ಹಾರ್ನು, ಅಂಗಡಿಗಳ ದೀಪ, ಆಚೆ ಕತ್ತಲಾಗುತ್ತಿರುವ ಬಳ್ಳಾರಿ ಗುಡ್ಡ.

ಅಲ್ಲೊಂದು ಜೆರಾಕ್ಸ್ ಅಂಗಡಿಯ ಮುಂದೆ ಎಂ.ಎ. ಇತಿಹಾಸ ಓದುತ್ತಿರುವ ಹುಡುಗಿಯೊಬ್ಬಳು ಹಾಳೆಗಳ ಕಟ್ಟು ಹಿಡಿದು ನಿಂತಿದ್ದಳು. ಮನೆ ಕೌಲ್‌ಬಜಾರಿನಲ್ಲಿ. ಮನೆಮಾತು ಉರ್ದು, ಓದಿದ್ದು ಕನ್ನಡ ಮಾಧ್ಯಮ. ಪರಿಚಯದ ಕುಟುಂಬವಾದ್ದರಿಂದ ಸಂಕೋಚವಿಲ್ಲದೆ ಕೇಳಿದಳು:

‘ಸರ, ಯಹೂದಿಗಳ ಇತಿಹಾಸ, ಈ ನರಮೇಧ ಅಂತಾರಲ್ಲ, ಅದನ್ನ ಪಿಎಚ್.ಡಿ.ಗೆ ತಗೊಳ್ಳಾಕ ಬರ್ತದೇನ್ರಿ? ಎಲ್ಲಾರೂ ನಮ್ ಕಡೆ ಅದಕ್ಕ ಆಕರ ಎಲ್ಲೈತಿ ಅಂತಾರ.’

ಈ ಲೇಖನ ಅವಳಿಗೆ ಕೊಟ್ಟ ಉತ್ತರದ ವಿಸ್ತರಣೆ. ಆಕರ ಇದೆ. ಬಳ್ಳಾರಿಯಲ್ಲಿ, ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ ಇದೆ. ನಾವು ಅದನ್ನು ಹಾಗೆಂದು ಗುರುತಿಸಿಲ್ಲ, ಅಷ್ಟೆ.

ಒಬ್ಬ ವಿದ್ಯಾರ್ಥಿಯ ಪ್ರಶ್ನೆ

ಈ ಅಧ್ಯಯನದ ಶಾಖೆ ಹುಟ್ಟಿದ್ದೇ ಒಬ್ಬ ವಿದ್ಯಾರ್ಥಿಯ ಪ್ರಶ್ನೆಯಿಂದ.

1921ರ ಮಾರ್ಚ್ 15. ಬರ್ಲಿನ್ನಿನ ಬೀದಿಯಲ್ಲಿ ಸೊಗೊಮನ್ ತೆಹ್ಲಿರಿಯನ್ ಎಂಬ ಅರ್ಮೇನಿಯನ್ ಯುವಕ ಒಟ್ಟೋಮನ್ ಸಾಮ್ರಾಜ್ಯದ ಮಾಜಿ ಗೃಹಮಂತ್ರಿ ತಲಾತ್ ಪಾಷಾನನ್ನು ಗುಂಡಿಟ್ಟು ಕೊಂದ. 1915ರಲ್ಲಿ ಅರ್ಮೇನಿಯನ್ನರನ್ನು ಊರು ಬಿಡಿಸಿ ಸಿರಿಯಾದ ಮರಳುಗಾಡಿಗೆ ಅಟ್ಟಿದ ಆದೇಶಗಳ ಹಿಂದೆ ಇದ್ದವನು ತಲಾತ್.

ಆಗ ಲ್ವೂಫ್ ನಗರದ ವಿಶ್ವವಿದ್ಯಾಲಯದಲ್ಲಿ ರಾಫೆಲ್ ಲೆಮ್ಕಿನ್ ಎಂಬ ಯಹೂದಿ ತರುಣ ಓದುತ್ತಿದ್ದ. ಸುದ್ದಿ ತಿಳಿದು ತನ್ನ ಪ್ರಾಧ್ಯಾಪಕರನ್ನು ಕೇಳಿದ: ಒಬ್ಬನನ್ನು ಕೊಂದ ತೆಹ್ಲಿರಿಯನ್ ಮೇಲೆ ಮೊಕದ್ದಮೆ ನಡೆಯುತ್ತದೆ, ಲಕ್ಷಾಂತರ ಜನರ ಸಾವಿಗೆ ಕಾರಣನಾದವನ ಮೇಲೆ ಯಾಕೆ ನಡೆಯಲಿಲ್ಲ? ಪ್ರಾಧ್ಯಾಪಕರು ಕೋಳಿ ಸಾಕಿದ ರೈತನ ಉದಾಹರಣೆ ಕೊಟ್ಟರು. ತನ್ನ ಕೋಳಿಗಳನ್ನು ಅವನು ಕೊಂದರೆ ಹೊರಗಿನವರು ಕೇಳುವ ಹಾಗಿಲ್ಲ, ರಾಜ್ಯದ ಸಾರ್ವಭೌಮತ್ವವೂ ಹಾಗೆಯೇ ಎಂದರು.

ಆ ಉತ್ತರವನ್ನು ಲೆಮ್ಕಿನ್ ಒಪ್ಪಲಿಲ್ಲ, ಬದುಕಿಡೀ ಒಪ್ಪಲಿಲ್ಲ. ಪೋಲೆಂಡಿನಲ್ಲಿ ವಕೀಲನಾದ. 1939ರಲ್ಲಿ ನಾಜಿ ಸೇನೆ ಒಳನುಗ್ಗಿದಾಗ ತಪ್ಪಿಸಿಕೊಂಡು ಸ್ವೀಡನ್ ಮೂಲಕ ಅಮೆರಿಕ ಸೇರಿದ. ನಾಜಿಗಳು ಹೊರಡಿಸಿದ ಆಜ್ಞೆಗಳನ್ನು ಒಂದೊಂದಾಗಿ ಕಲೆಹಾಕಿ 1944ರಲ್ಲಿ ದೊಡ್ಡ ಗ್ರಂಥವನ್ನೇ ಹೊರತಂದ. ಇಡೀ ಜನಾಂಗವನ್ನು ಅಳಿಸುವ ಅಪರಾಧಕ್ಕೆ ಕಾನೂನಿನ ಹೆಸರು ಸಿಕ್ಕಿದ್ದು ಆ ಗ್ರಂಥದಲ್ಲಿ. ಅದನ್ನು ಬರೆಯುತ್ತಿದ್ದಾಗ ಯುರೋಪಿನಲ್ಲಿ ಉಳಿದಿದ್ದ ತನ್ನವರಿಗೆ ಏನಾಗಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ ತಿಳಿಯಿತು, ಅವನ ಬಂಧುಬಳಗದಲ್ಲಿ 49 ಮಂದಿ ಕೊಲೆಯಾಗಿದ್ದರು.

1948ರ ಡಿಸೆಂಬರ್ 9ರಂದು ಪ್ಯಾರಿಸ್‌ನಲ್ಲಿ ವಿಶ್ವಸಂಸ್ಥೆ ಜನಾಂಗಹತ್ಯೆ ತಡೆ ಒಪ್ಪಂದವನ್ನು ಅಂಗೀಕರಿಸಿತು. ಅರ್ಮೇನಿಯನ್ನರ ಸಾವಿನಿಂದ ಎದ್ದ ಪ್ರಶ್ನೆ ಯಹೂದಿಗಳ ಸಾವಿನ ನಂತರ ಕಾನೂನಾಯಿತು. ಹಾಗಾಗಿ ಎರಡರಲ್ಲಿ ಒಂದನ್ನೇ ಓದುತ್ತೇನೆ ಎಂದರೆ ಅರ್ಧ ಓದಿದ ಹಾಗೆ.

▌ ಭಾರತದ ಪಾಲು
1946ರ ಡಿಸೆಂಬರ್ 11ರಂದು ವಿಶ್ವಸಂಸ್ಥೆಯ ಮಹಾಸಭೆ ಜನಾಂಗಹತ್ಯೆಯನ್ನು ಅಂತರರಾಷ್ಟ್ರೀಯ ಅಪರಾಧವೆಂದು ಮೊದಲ ಬಾರಿಗೆ ಸಾರಿತು. ಆ ನಿರ್ಣಯವನ್ನು ಮುಂದಿಟ್ಟ ಮೂರು ದೇಶಗಳು ಕ್ಯೂಬಾ, ಪನಾಮಾ ಮತ್ತು ಭಾರತ. ಭಾರತಕ್ಕೆ ಆಗಿನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ನಿಯೋಗದ ನಾಯಕಿ ವಿಜಯಲಕ್ಷ್ಮಿ ಪಂಡಿತ್. ಒಪ್ಪಂದಕ್ಕೆ ಭಾರತ ಸಹಿ ಹಾಕಿದ್ದು 1949ರಲ್ಲಿ, ಅನುಮೋದಿಸಿದ್ದು 1959ರಲ್ಲಿ.

ಬಳ್ಳಾರಿಗೆ ಬಂದ ತುರ್ಕಿ ಸೈನಿಕರು

ಈಗ ಬಳ್ಳಾರಿಗೆ ಬರೋಣ.

ಮೊದಲನೇ ಮಹಾಯುದ್ಧ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದ ದಂಡಿನ ಊರು. ಇಂದಿನ ಇರಾಕಿನಲ್ಲಿ ಬ್ರಿಟಿಷ್ ಭಾರತದ ಸೇನೆ ಒಟ್ಟೋಮನ್ ಸೇನೆಯ ಎದುರು ಹೋರಾಡುತ್ತಿತ್ತು. ಅಲ್ಲಿ ಸೆರೆಸಿಕ್ಕ ಒಟ್ಟೋಮನ್ ಸೈನಿಕರನ್ನು ಹಡಗಿನಲ್ಲಿ ಭಾರತಕ್ಕೆ, ಬರ್ಮಾಕ್ಕೆ ತಂದರು. ರಜಪೂತಾನದ ಸುಮೇರ್‌ಪುರ, ಬರ್ಮಾದ ಥಾಯೆಟ್‌ಮ್ಯೋ, ಷ್ವೆಬೊ, ದಕ್ಷಿಣದಲ್ಲಿ ಬಳ್ಳಾರಿ. ಇವು ಆ ಯುದ್ಧಕೈದಿಗಳ ಶಿಬಿರಗಳಿದ್ದ ಊರುಗಳು.

ತುರ್ಕಿ ಕೈದಿಗಳು ಎಂದು ಸುಲಭವಾಗಿ ಹೇಳುತ್ತೇವೆ. ಒಟ್ಟೋಮನ್ ಸೇನೆಯಲ್ಲಿ ತುರ್ಕರ ಜೊತೆ ಅರಬರಿದ್ದರು, ಕುರ್ದರಿದ್ದರು, ಯಹೂದಿಗಳಿದ್ದರು. ಅರ್ಮೇನಿಯನ್ನರೂ ಇದ್ದರು. 1915ರ ಆರಂಭದಲ್ಲಿ ಅರ್ಮೇನಿಯನ್ ಸೈನಿಕರ ಕೈಯಿಂದ ಬಂದೂಕು ಕಿತ್ತುಕೊಂಡು ಅವರನ್ನು ಕೂಲಿ ದಳಗಳಿಗೆ ತಳ್ಳಲಾಯಿತು. ಏಪ್ರಿಲ್ 24ರಂದು ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅವರ ಕವಿಗಳನ್ನು, ಪತ್ರಕರ್ತರನ್ನು, ಮುಖಂಡರನ್ನು ಬಂಧಿಸಲಾಯಿತು. ಆಮೇಲೆ ಹೆಂಗಸರು ಮಕ್ಕಳೆನ್ನದೆ ಊರಿಗೆ ಊರನ್ನೇ ನಡೆಸಿಕೊಂಡು ಹೋದರು.

ಅಂದರೆ ಒಂದು ಕಡೆ ಅನಾತೋಲಿಯಾದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದೊಡ್ಡ ನರಮೇಧಗಳಲ್ಲೊಂದು ನಡೆಯುತ್ತಿತ್ತು. ಅದೇ ಸೇನೆಯ ಮಂದಿ ಇನ್ನೊಂದು ಕಡೆ ಬಳ್ಳಾರಿಯ ಬಿಸಿಲಿನಲ್ಲಿ ತಂತಿಬೇಲಿಯೊಳಗೆ ಕೂತಿದ್ದರು. ಅವರಲ್ಲಿ ಯಾರಾದರೂ ಏನನ್ನಾದರೂ ನೋಡಿದ್ದರೆ? ಮನೆಯಿಂದ ಬಂದ ಪತ್ರಗಳಲ್ಲಿ ಏನಿತ್ತು? ಆ ಪತ್ರಗಳನ್ನು ಓದಿ ತಿದ್ದಿದ ಬ್ರಿಟಿಷ್ ಅಧಿಕಾರಿಗಳು ಏನು ಟಿಪ್ಪಣಿ ಬರೆದರು? ಇದು ನಮ್ಮೂರಿನ ಪ್ರಶ್ನೆ. ನಮ್ಮೂರಿನವರು ಕೇಳದಿದ್ದರೆ ಬೇರೆ ಯಾರೂ ಕೇಳುವುದಿಲ್ಲ.

1917ರಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸ್‌ನ ಮೂವರು ಪ್ರತಿನಿಧಿಗಳು ಭಾರತ ಮತ್ತು ಬರ್ಮಾದ ಇಂಥ ಶಿಬಿರಗಳನ್ನು ಸುತ್ತಿ ವರದಿ ಬರೆದರು. ಊಟ ಏನು, ಆಸ್ಪತ್ರೆ ಹೇಗಿದೆ, ಪತ್ರ ತಲುಪುತ್ತದೆಯೇ ಎಂದು ವಿಚಾರಿಸಿದರು. ಆ ಯುದ್ಧದ ಕೈದಿಗಳ ಲಕ್ಷಾಂತರ ಕಾರ್ಡುಗಳನ್ನೂ ಶಿಬಿರಗಳ ವರದಿಗಳನ್ನೂ ರೆಡ್ ಕ್ರಾಸ್ ಇಂಟರ್ನೆಟ್ಟಿಗೆ ಏರಿಸಿದೆ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅದಕ್ಕೂ ಹಿಂದಿನ ಸರ್ಕಾರಿ ಕಡತಗಳನ್ನು ಹುಡುಕುವವರು ಚೆನ್ನೈನ ಎಗ್ಮೋರಿಗೆ, ತಮಿಳುನಾಡು ಪತ್ರಾಗಾರಕ್ಕೆ ಹೋಗಬೇಕು. ರಾತ್ರಿ ರೈಲು ಹತ್ತಿದರೆ ಮುಟ್ಟುವಷ್ಟು ದೂರ.

ಬೂಟಿನೊಳಗಿನ ದಿನಚರಿ

ಬೇಲಿಯ ಆ ಬದಿಯಲ್ಲಿ ನಮ್ಮವರಿದ್ದರು.

1916ರ ಏಪ್ರಿಲ್ 29ರಂದು ಇರಾಕಿನ ಕುಟ್‌ನಲ್ಲಿ ಬ್ರಿಟಿಷ್ ಸೇನೆ ಶರಣಾಯಿತು. ಸುಮಾರು 13,000 ಮಂದಿ ಸೆರೆಯಾದರು, ಹೆಚ್ಚಿನವರು ಭಾರತೀಯರು. ಅವರನ್ನು ನೂರಾರು ಮೈಲಿ ನಡೆಸಿ ರಸ್ ಅಲ್ ಐನ್ ಎಂಬಲ್ಲಿಗೆ ಒಯ್ದು ರೈಲುಹಳಿ ಹಾಕಿಸಿದರು. ಅರ್ಮೇನಿಯನ್ನರ ಹತ್ಯೆಗಳು ನಡೆದದ್ದೂ ಅದೇ ರಸ್ ಅಲ್ ಐನ್ ಸುತ್ತಮುತ್ತ.

ಆ ಕೈದಿಗಳಲ್ಲಿ ಬಂಗಾಳದ ಆಂಬುಲೆನ್ಸ್ ದಳದ ಶಿಶಿರ್ ಸರ್ಬಾಧಿಕಾರಿ ಒಬ್ಬರು. ದಿನಚರಿಯ ಹಾಳೆಗಳನ್ನು ಬೂಟಿನೊಳಗೆ ಬಚ್ಚಿಟ್ಟು ಉಳಿಸಿಕೊಂಡರು. ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತ ಬದುಕುಳಿದ ಅರ್ಮೇನಿಯನ್ನರನ್ನು ಕಂಡರು, ಅವರ ಮಾತು ಕೇಳಿದರು. ಆ ಹಾಳೆಗಳಿಂದ ಬೆಳೆದ ಬಂಗಾಳಿ ಪುಸ್ತಕ ‘ಅಭಿ ಲೇ ಬಗ್ದಾದ್’ ಹೊರಬಂದದ್ದು 1950ರ ದಶಕದ ಕೊನೆಯಲ್ಲಿ. ಒಂದು ನರಮೇಧಕ್ಕೆ ಭಾರತೀಯ ಭಾಷೆಯೊಂದರಲ್ಲಿ ದೊರಕಿದ ಕಣ್ಣಾರೆ ಕಂಡ ಸಾಕ್ಷ್ಯ ಅದು. ಬಂಗಾಳಕ್ಕೂ ಅದು ತಲುಪಿದ್ದು ತೀರ ಕಡಿಮೆ. ಬಹುಕಾಲದ ನಂತರ ಕಾದಂಬರಿಕಾರ ಅಮಿತಾವ್ ಘೋಷ್ ಅದನ್ನು ಹುಡುಕಿ ಓದಿ ಹೊರಗಿನ ಜಗತ್ತಿಗೆ ತಿಳಿಸಿದರು.

ಮೈಸೂರು ಲ್ಯಾನ್ಸರ್ಸ್ ಕುದುರೆ ದಳ 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದ ಕತೆ ನಮಗೆಲ್ಲ ಗೊತ್ತು. ಆಮೇಲೆ ಅವರು ಎಲ್ಲಿಗೆ ಹೋದರು ಎಂಬುದು ಅಷ್ಟು ಗೊತ್ತಿಲ್ಲ. ಉತ್ತರಕ್ಕೆ ಸಾಗುತ್ತ ಸಾಗುತ್ತ ಅಕ್ಟೋಬರ್ 26ರಂದು ಅಲೆಪ್ಪೊ ನಗರದ ಆಚೆ, ಹರಿತಾನ್ ಎಂಬಲ್ಲಿ ತಮ್ಮ ಕೊನೆಯ ದಾಳಿ ನಡೆಸಿದರು. ಬದುಕುಳಿದ ಅರ್ಮೇನಿಯನ್ನರು, ಅನಾಥ ಮಕ್ಕಳು ಬಂದು ಸೇರಿಕೊಂಡಿದ್ದ ಊರು ಅಲೆಪ್ಪೊ. ಕನ್ನಡ ನಾಡಿನ ಸವಾರರು ಅದರ ಬಾಗಿಲಲ್ಲಿದ್ದರು. ಮನೆಗೆ ಬರೆದ ಪತ್ರ, ಮೊಮ್ಮಕ್ಕಳಿಗೆ ಹೇಳಿದ ಮಾತು ಯಾವುದಾದರೂ ಮೈಸೂರಿನ, ಬೆಂಗಳೂರಿನ ಹಳೇ ಮನೆಯೊಂದರಲ್ಲಿ ಉಳಿದಿದ್ದರೆ ಅದು ಚರಿತ್ರೆಗೆ ದೊಡ್ಡ ಗಳಿಕೆ.

1942ರಲ್ಲಿ ಅಚ್ಚಾದ ಒಂದು ಪತ್ರ

ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಮಂಗಳೂರಿನ ಕತೆ.

ಅಬ್ರಹಾಂ ಬೆನ್ ಯಿಜು ಟುನೀಸಿಯಾದ ಮಹ್ದಿಯಾ ಎಂಬ ಬಂದರಿನ ಯಹೂದಿ ವ್ಯಾಪಾರಿ. ಏಡನ್‌ಗೆ ಬಂದು, ಅಲ್ಲಿಂದ ಹಡಗು ಹತ್ತಿ ಮಂಗಳೂರಿಗೆ ಬಂದ. 1132ರಿಂದ 1149ರವರೆಗೆ ಹೆಚ್ಚುಕಡಿಮೆ ಹದಿನೇಳು ವರ್ಷ ಈ ಕರಾವಳಿಯಲ್ಲಿ ಬದುಕಿದ. ಅಡಿಕೆ, ಮೆಣಸು, ಏಲಕ್ಕಿ, ಕಬ್ಬಿಣ ಕಳಿಸುತ್ತಿದ್ದ. ಏಡನ್‌ನಿಂದ ತಾಮ್ರ, ಕಾಗದ, ಸಕ್ಕರೆ, ಒಣದ್ರಾಕ್ಷಿ ತರಿಸುತ್ತಿದ್ದ. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆಯೂ ಅವನದಿತ್ತು.

1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಅವನು ಆಶು ಎಂಬ ದಾಸಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟ. ಆಶು ತುಳುನಾಡಿನವಳು. ಅವನ ಮಕ್ಕಳ ತಾಯಿ ಅವಳೇ ಎಂಬುದು ವಿದ್ವಾಂಸರ ಅಭಿಪ್ರಾಯ. ಅವನ ವ್ಯವಹಾರ ನೋಡಿಕೊಳ್ಳುತ್ತ ಸರಕಿನ ಜೊತೆ ಏಡನ್‌ಗೆ ಹೋಗಿಬರುತ್ತಿದ್ದ ಇನ್ನೊಬ್ಬ ದಾಸನ ಹೆಸರು ಬೊಮ್ಮ. ಏಡನ್‌ನ ವರ್ತಕರು ಬೆನ್ ಯಿಜುಗೆ ಪತ್ರ ಬರೆದಾಗ ಬೊಮ್ಮನಿಗೂ ಬೇರೆಯಾಗಿ ಶುಭಾಶಯ ತಿಳಿಸುತ್ತಿದ್ದರು. ಅತ್ತ ಕಲ್ಯಾಣದ ಕಡೆ ಶರಣರ ಬಳಗ ಕಟ್ಟಿಕೊಂಡದ್ದೂ ಅದೇ ಶತಮಾನದಲ್ಲಿ, ಅವರಲ್ಲೂ ಕಿನ್ನರಿ ಬೊಮ್ಮಯ್ಯ ಇದ್ದಾರೆ.

ಈ ಪತ್ರಗಳು ನಮ್ಮ ಕಾಲಕ್ಕೆ ಉಳಿದದ್ದು ಕೈರೋದ ಬೆನ್ ಎಜ್ರಾ ಪ್ರಾರ್ಥನಾಲಯದಲ್ಲಿ. ದೇವರ ಹೆಸರಿರಬಹುದಾದ ಬರಹವನ್ನು ಯಹೂದಿಗಳು ಹರಿದು ಬಿಸಾಡುವುದಿಲ್ಲ, ಗೆನೀಜಾ ಎಂಬ ಕೋಣೆಯಲ್ಲಿ ಹಾಕಿಡುತ್ತಾರೆ. ಅಲ್ಲಿ ಶತಮಾನಗಳ ಕಾಗದ ಬಿದ್ದಿತ್ತು. ಅಂಗಡಿ ಲೆಕ್ಕ, ಮದುವೆ ಕರಾರು, ಸಾಲದ ಚೀಟಿ, ಮನೆಮಂದಿಯ ಕುಶಲ. 1896-97ರಲ್ಲಿ ಸಾಲಮನ್ ಶೆಕ್ಟರ್ ಅದರ ಬಹುಭಾಗವನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಉಳಿದವು ಬೇರೆ ಬೇರೆ ಗ್ರಂಥಾಲಯಗಳಲ್ಲಿ ಚದುರಿದವು.

ಏಡನ್‌ನ ಖಲಫ್ ಇಬ್ನ್ ಇಸ್ಹಾಕ್ 1148ರಲ್ಲಿ ಬೆನ್ ಯಿಜುಗೆ ಬರೆದ ಪತ್ರ ಜೆರುಸಲೇಮಿನಲ್ಲಿದೆ. ಬೊಮ್ಮನ ಪ್ರಸ್ತಾಪವಿರುವ ಆ ಪತ್ರ ಮೊದಲು ಅಚ್ಚಾದದ್ದು ‘ಸಿಯೋನ್’ ಎಂಬ ಹೀಬ್ರೂ ಪತ್ರಿಕೆಯಲ್ಲಿ. ಸಂಪಾದಿಸಿದವರು ಇ. ಸ್ಟ್ರೌಸ್, ಮುಂದೆ ಎಲಿಯಾಹು ಅಷ್ಟೋರ್ ಎಂದು ಹೆಸರಾದ ಚರಿತ್ರಕಾರ. ಹುಟ್ಟಿದ್ದು ವಿಯೆನ್ನಾದಲ್ಲಿ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ ಮೇಲೆ ಊರು ಬಿಟ್ಟು ಪ್ಯಾಲೆಸ್ತೀನ್ ಸೇರಿದವರು.

ಪತ್ರ ಅಚ್ಚಾದ ವರ್ಷ 1942. ಆ ವರ್ಷದ ಜನವರಿ 20ರಂದು ಬರ್ಲಿನ್ನಿನ ವಾನ್‌ಜೇಯಲ್ಲಿ ನಾಜಿ ಅಧಿಕಾರಿಗಳು ಸಭೆ ಸೇರಿ ಯುರೋಪಿನ ಅಷ್ಟೂ ಯಹೂದಿಗಳ ವಿನಾಶಕ್ಕೆ ಇಲಾಖೆಗಳ ಹೊಂದಾಣಿಕೆ ಮಾಡಿಕೊಂಡಿದ್ದರು. ಟ್ರೆಬ್ಲಿಂಕಾ, ಸೋಬಿಬೋರ್, ಬೆಲ್ಜೆಕ್ ಕೊಲೆಶಿಬಿರಗಳು ಹೊಗೆಯಾಡಿದ್ದು ಅದೇ ವರ್ಷ.

ತನ್ನವರನ್ನು ಅಳಿಸಿಹಾಕುತ್ತಿದ್ದ ಹೊತ್ತಿನಲ್ಲಿ ಆ ತರುಣ ಕೂತು ಎಂಟುನೂರು ವರ್ಷ ಹಿಂದಿನ ಒಂದು ವ್ಯಾಪಾರದ ಕಾಗದವನ್ನು ಅಕ್ಷರ ಅಕ್ಷರ ಬಿಡಿಸಿ ಓದಿದ. ಅದರಲ್ಲಿ ಮಂಗಳೂರಿನ ಒಬ್ಬ ದಾಸ ಜಗತ್ತಿಗೆ ಮತ್ತೆ ಕಾಣಿಸಿಕೊಂಡ. ಯಹೂದಿ ಚರಿತ್ರೆಯನ್ನು ನರಮೇಧದ ಜೊತೆ ಸೇರಿಸಿ ಯಾಕೆ ಓದಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಇದು. ಸಾವಿನ ಲೆಕ್ಕವನ್ನಷ್ಟೇ ಓದಿದವರಿಗೆ ಕಳೆದುಹೋದದ್ದು ಏನೆಂದು ಗೊತ್ತಾಗುವುದಿಲ್ಲ. 60 ಲಕ್ಷ ಎಂಬ ಅಂಕಿಯ ಹಿಂದೆ ಸಾವಿರಾರು ವರ್ಷದ ಭಾಷೆ, ಅಡುಗೆ, ಹಾಡು, ಜಗಳ, ಲೇವಾದೇವಿ ಇದ್ದವು. ಅದರ ಒಂದು ಎಳೆ ನೇತ್ರಾವತಿಯ ದಡದವರೆಗೂ ಬಂದಿತ್ತು.

ಈ ಎಳೆ ಹಿಡಿದವರೂ ಒಬ್ಬ ಸಂಶೋಧನಾ ವಿದ್ಯಾರ್ಥಿಯೇ. 1978ರ ಚಳಿಗಾಲ. ಆಕ್ಸ್‌ಫರ್ಡ್‌ನಲ್ಲಿ ಸಾಮಾಜಿಕ ಮಾನವಶಾಸ್ತ್ರದ ಸಂಶೋಧನೆಗೆ ಸೇರಿದ್ದ 22 ವರ್ಷದ ಅಮಿತಾವ್ ಘೋಷ್ ಗ್ರಂಥಾಲಯದಲ್ಲಿ ಎಸ್.ಡಿ. ಗೊಯ್ಟೈನ್ ಅನುವಾದಿಸಿದ ಯಹೂದಿ ವರ್ತಕರ ಪತ್ರಗಳ ಪುಸ್ತಕ ಬಿಡಿಸಿದರು. ಅದರಲ್ಲಿ ಆ ದಾಸನ ಪ್ರಸ್ತಾಪ ಕಂಡಿತು. 1980ರಲ್ಲಿ ಈಜಿಪ್ಟಿನ ಹಳ್ಳಿಗೆ ಹೋಗಿ ಅಲ್ಲಿನ ಆಡುಮಾತಿನ ಅರಬ್ಬಿ ಕಲಿತರು. ಬೆನ್ ಯಿಜುವಿನ ಕಾಗದಗಳ ಭಾಷೆ ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿ. ಹಳ್ಳಿಯಲ್ಲಿ ಕಲಿತ ಆ ಆಡುಮಾತೇ ಮುಂದೆ ಅವುಗಳನ್ನು ಓದಲು ಅವರ ಕೈ ಹಿಡಿಯಿತು. ಮಂಗಳೂರಿಗೆ ಬಂದಾಗ ಆ ದಾಸನ ಹೆಸರು ಬೊಮ್ಮ ಇರಬೇಕೆಂದು ಬಿಡಿಸಲು ನೆರವಾದವರು ಪ್ರೊ. ಬಿ.ಎ. ವಿವೇಕ ರೈ. ‘ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್’ ಎಂಬ ಘೋಷ್ ಅವರ ಪುಸ್ತಕ 1992ರಲ್ಲಿ ಬಂತು.

ತುಳು, ಕನ್ನಡ ಬಲ್ಲ ವಿದ್ವಾಂಸರಿಲ್ಲದೆ ಕೈರೋದ ಕಾಗದ ಪೂರ್ತಿ ಅರ್ಥವಾಗಲಿಲ್ಲ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು.

▌ ಮೊಬೈಲಿನಲ್ಲೇ ಗೆನೀಜಾ
ಕೇಂಬ್ರಿಜ್‌ನಲ್ಲಿರುವ ಗೆನೀಜಾ ತುಣುಕುಗಳು 1,90,000ಕ್ಕೂ ಹೆಚ್ಚು. ಸಾವಿರಾರು ತುಣುಕುಗಳ ಚಿತ್ರಗಳನ್ನು ಯಾರು ಬೇಕಾದರೂ ಇಂಟರ್ನೆಟ್ಟಿನಲ್ಲಿ ನೋಡಬಹುದು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಗೆನೀಜಾ ಯೋಜನೆ ಪಠ್ಯಗಳನ್ನು ಉಚಿತವಾಗಿ ಕೊಡುತ್ತಿದೆ. ಭಾರತದ ವ್ಯಾಪಾರಕ್ಕೆ ಸಂಬಂಧಿಸಿದ ಪತ್ರಗಳನ್ನು ಗೊಯ್ಟೈನ್ ಮತ್ತು ಮೊರ್ದೆಕಾಯ್ ಫ್ರೀಡ್‌ಮನ್ ಸೇರಿ ಸಂಪಾದಿಸಿದ ಬೃಹತ್ ಸಂಪುಟ 2008ರಲ್ಲಿ ಪ್ರಕಟವಾಗಿದೆ.

ಸಭೆಯಲ್ಲಿ ಕೇಳಿದ ಮಾತು

ಬೆಂಗಳೂರಿನ ಕತೆ ಸಂತೋಷದ್ದಲ್ಲ. ಆದರೂ ಹೇಳಲೇಬೇಕು.

1933ರ ಏಪ್ರಿಲ್ 7ರಂದು ಜರ್ಮನಿಯಲ್ಲಿ ಒಂದು ಕಾನೂನು ಬಂತು. ಅದರ ಪ್ರಕಾರ ಯಹೂದಿಗಳು ಸರ್ಕಾರಿ ಕೆಲಸದಲ್ಲಿ ಇರುವಂತಿಲ್ಲ. ಗಟಿಂಗೆನ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಏಪ್ರಿಲ್ ಕೊನೆಯಲ್ಲಿ ತನ್ನ ಹೆಸರನ್ನು ಪತ್ರಿಕೆಯಲ್ಲಿ, ಕೆಲಸ ಕಳೆದುಕೊಂಡವರ ಪಟ್ಟಿಯಲ್ಲಿ ನೋಡಿದರು. ಕ್ವಾಂಟಂ ವಿಜ್ಞಾನಕ್ಕೆ ತಳಪಾಯ ಹಾಕಿದವರಲ್ಲಿ ಅವರೊಬ್ಬರು.

ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ (ಇಂದಿನ ಭಾರತೀಯ ವಿಜ್ಞಾನ ಸಂಸ್ಥೆ) ಅದೇ ವರ್ಷ ಸಿ.ವಿ. ರಾಮನ್ ನಿರ್ದೇಶಕರಾಗಿದ್ದರು. ಜರ್ಮನಿ ಹೊರಹಾಕಿದ ಪ್ರತಿಭೆಗಳನ್ನು ಇಲ್ಲಿಗೆ ತರಬೇಕೆಂಬುದು ಅವರ ಹಂಬಲ. ಬಾರ್ನ್ ದಂಪತಿ 1935ರಲ್ಲಿ ಬಂದರು. ಬಾರ್ನ್ ಇಲ್ಲಿ ಪಾಠ ಮಾಡಿದರು, ಎನ್.ಎಸ್. ನಾಗೇಂದ್ರನಾಥ್ ಜೊತೆ ಸಂಶೋಧನಾ ಲೇಖನ ಬರೆದರು. ಊರು ಹಿಡಿಸಿತ್ತು. ಖಾಯಂ ಪ್ರಾಧ್ಯಾಪಕ ಹುದ್ದೆ ಕೊಡೋಣ ಎಂದು ರಾಮನ್ ಪ್ರಸ್ತಾಪವಿಟ್ಟರು.

ಆ ಸಭೆಯಲ್ಲಿ ಬಾರ್ನ್ ಕೂಡ ಇದ್ದರು. ಇಂಗ್ಲೆಂಡಿನಿಂದ ಹೊಸದಾಗಿ ಬಂದಿದ್ದ ಪ್ರಾಧ್ಯಾಪಕ ಆ್ಯಸ್ಟನ್ ಎದ್ದು ನಿಂತು ವಿರೋಧಿಸಿದರು. ತನ್ನದೇ ದೇಶದಿಂದ ಹೊರದಬ್ಬಿಸಿಕೊಂಡ ಎರಡನೇ ದರ್ಜೆಯ ವಿದೇಶೀಯ ನಮಗೇಕೆ ಎಂಬರ್ಥದಲ್ಲಿ ಮಾತಾಡಿದರು. ಮನೆಗೆ ಹೋಗಿ ಹೆಂಡತಿಯೆದುರು ಅತ್ತುಬಿಟ್ಟೆ ಎಂದು ಬಾರ್ನ್ ತಮ್ಮ ಆತ್ಮಕಥನದಲ್ಲಿ ನೆನೆದಿದ್ದಾರೆ.

ಹುದ್ದೆ ಆಗಲಿಲ್ಲ. 1936ರಲ್ಲಿ ಎಡಿನ್‌ಬರೊದ ಪೀಠ ದೊರೆತು ಹೊರಟುಹೋದರು. 1954ರಲ್ಲಿ ನೊಬೆಲ್ ಬಂತು. ಇತ್ತ 1937ರಲ್ಲಿ ರಾಮನ್ ನಿರ್ದೇಶಕ ಸ್ಥಾನ ಬಿಡಬೇಕಾಯಿತು. ಬಾರ್ನ್ ಬೆಂಗಳೂರಿನಲ್ಲಿ ಉಳಿದಿದ್ದರೆ ನಮ್ಮ ವಿಜ್ಞಾನದ ಚರಿತ್ರೆ ಬೇರೆ ದಾರಿ ಹಿಡಿಯುತ್ತಿತ್ತು ಎಂದು ನಾನು ನಂಬುತ್ತೇನೆ.

ಮೂರು ವರ್ಷದ ನಂತರ ಅದೇ ಮನೆತನದ ಇನ್ನೊಬ್ಬರು ಬಂದರು. ಬಾರ್ನ್ ಅವರ ಸೋದರಿಯ ಮಗ, ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್. ಬರ್ಲಿನ್ ಬಿಟ್ಟು ಈಜಿಪ್ಟಿನಲ್ಲಿದ್ದ ಇವರನ್ನು 1939ರಲ್ಲಿ ಮೈಸೂರು ಸಂಸ್ಥಾನ ಕರೆಸಿಕೊಂಡಿತು. ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಟಾಟಾ ಇನ್‌ಸ್ಟಿಟ್ಯೂಟ್‌ನ ಏರೋನಾಟಿಕ್ಸ್ ವಿಭಾಗ, ಊಟದ ಸಭಾಂಗಣ, ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ, ವಿಕ್ಟರಿ ಹಾಲ್ ಇವರ ಕೈಯಲ್ಲಿ ಮೂಡಿದವು. 1948ರಲ್ಲಿ ಭುವನೇಶ್ವರದ ನಕ್ಷೆ ಬರೆದವರೂ ಇವರೇ. ಯುದ್ಧ ಶುರುವಾದಾಗ ಜರ್ಮನ್ ಪಾಸ್‌ಪೋರ್ಟ್ ಇದ್ದ ಎಷ್ಟೋ ಯಹೂದಿಗಳನ್ನು ಬ್ರಿಟಿಷ್ ಸರ್ಕಾರ ಶತ್ರುದೇಶದವರೆಂದು ಕೂಡಿಹಾಕಿತ್ತು. ಹಿಟ್ಲರನಿಂದ ಓಡಿ ಬಂದವರಿಗೆ ಹಿಟ್ಲರನ ಪ್ರಜೆಗಳೆಂಬ ಹಣೆಪಟ್ಟಿ.

ಕೋನಿಗ್ಸ್‌ಬರ್ಗರ್ ಬಗ್ಗೆ ರೇಚಲ್ ಲೀ ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿದರು. ಬೆಂಗಳೂರಿನ ಕಟ್ಟಡಗಳ ಮೇಲೆ ಬರ್ಲಿನ್ನಿನಲ್ಲಿ ಪ್ರಬಂಧ. ಅದು ಆದದ್ದು ಒಳ್ಳೆಯದೇ. ಕನ್ನಡದಲ್ಲೂ, ಇಲ್ಲಿನ ಕಡತಗಳನ್ನು ಇಲ್ಲಿನವರೇ ಓದಿ ಬರೆದದ್ದೊಂದು ಬರಬೇಕಲ್ಲವೇ?

ಎಲ್ಲಿ ಓದುವುದು, ಏನು ಬೇಕು

ಅಮೆರಿಕದ ಕ್ಲಾರ್ಕ್ ವಿಶ್ವವಿದ್ಯಾಲಯದ ಸ್ಟ್ರಾಸ್ಲರ್ ಕೇಂದ್ರ ಹಾಲೊಕಾಸ್ಟ್ (ನಾಜಿಗಳು ನಡೆಸಿದ ಯಹೂದಿಗಳ ನರಮೇಧ) ಮತ್ತು ನರಮೇಧದ ಚರಿತ್ರೆಗೆ ಪಿಎಚ್.ಡಿ. ಕೊಡುವುದರಲ್ಲಿ ಮೊದಲಿನದು. ಅಲ್ಲಿ ಹಾಲೊಕಾಸ್ಟ್ ಮತ್ತು ಅರ್ಮೇನಿಯನ್ ನರಮೇಧ ಎರಡನ್ನೂ ಒಂದೇ ಸೂರಿನಡಿ ಕಲಿಸುತ್ತಾರೆ. ಹೈಫಾ ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆಂದೇ ಇಂಗ್ಲಿಷಿನಲ್ಲಿ ಎಂ.ಎ. ರೂಪಿಸಿದ್ದಾರೆ. ನಮ್ಮಲ್ಲಿ ಕೋಲ್ಕತ್ತದ ಪ್ರೆಸಿಡೆನ್ಸಿ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿ ನವರಸ್ ಜಾಟ್ ಆಫ್ರಿದಿ ಸಾಮೂಹಿಕ ಹಿಂಸೆಯ ಚರಿತ್ರೆಯನ್ನು, ಯಹೂದಿ ಚರಿತ್ರೆಯನ್ನು ವರ್ಷಗಳಿಂದ ಕಲಿಸುತ್ತ ಬಂದಿದ್ದಾರೆ.

ಈ ವಿಷಯಕ್ಕೆ ಮೊದಲು ಬೇಕಾದ್ದು ಭಾಷೆ. ಹಾಲೊಕಾಸ್ಟ್ ಓದುವವರಿಗೆ ಜರ್ಮನ್, ಯಿಡ್ಡಿಷ್, ಹೀಬ್ರೂ, ಪೋಲಿಷ್. ಗೆನೀಜಾಕ್ಕೆ ಅರಬ್ಬಿ ಮತ್ತು ಹೀಬ್ರೂ ಲಿಪಿ. ಅರ್ಮೇನಿಯನ್ನರ ಚರಿತ್ರೆಗೆ ಅರ್ಮೇನಿಯನ್, ಒಟ್ಟೋಮನ್ ತುರ್ಕಿ.

ಕೌಲ್‌ಬಜಾರಿನ ಆ ಹುಡುಗಿಗೆ ಉರ್ದು ಓದಲು ಬರುತ್ತದೆ. ಒಟ್ಟೋಮನ್ ತುರ್ಕಿ ಬರೆಯುತ್ತಿದ್ದದ್ದು ಅರಬ್ಬಿ-ಪಾರ್ಸಿ ಲಿಪಿಯಲ್ಲಿ. 1928ರಲ್ಲಿ ಲಿಪಿ ಬದಲಾದ ಮೇಲೆ ಇಸ್ತಾಂಬುಲ್‌ನ ಸಾಮಾನ್ಯ ಓದುಗನಿಗೇ ತನ್ನ ಅಜ್ಜನ ಪತ್ರ ಓದಲು ಬಾರದು. ವ್ಯಾಕರಣ ಅವಳು ಹೊಸದಾಗಿ ಕಲಿಯಬೇಕು, ಅದು ಹಗುರದ ಕೆಲಸವಲ್ಲ. ಆದರೆ ಅಕ್ಷರ ಮತ್ತು ಪಾರ್ಸಿ, ಅರಬ್ಬಿ ಮೂಲದ ನೂರಾರು ಪದಗಳು ಈಗಾಗಲೇ ಅವಳ ಮನೆಯಲ್ಲಿವೆ. ಬ್ರೂಸ್‌ಪೇಟೆಯಲ್ಲಿ ಮೂರು ಭಾಷೆ ಆಡುತ್ತ ಬೆಳೆದವರಿಗೆ ನಾಲ್ಕನೆಯದು, ಐದನೆಯದು ದಕ್ಕುತ್ತದೆ ಎಂಬ ಭರವಸೆ ನನಗಿದೆ. ಅದನ್ನು ಅನುಕೂಲವೆಂದು ನಮ್ಮ ಶಿಕ್ಷಣ ಎಣಿಸುವುದಿಲ್ಲ, ನೋವಿನ ಸಂಗತಿ ಅದು.

▌ ಮನೆಯಲ್ಲೇ ಕೂತು ನೋಡಬಹುದಾದದ್ದು
ಜರ್ಮನಿಯ ಆರೊಲ್ಸೆನ್ ಪತ್ರಾಗಾರದಲ್ಲಿ ನಾಜಿ ಹಿಂಸೆಗೆ ಸಿಕ್ಕವರ ಸುಮಾರು 3 ಕೋಟಿ ದಾಖಲೆಗಳಿವೆ, ಬಹುಪಾಲು ಇಂಟರ್ನೆಟ್ಟಿನಲ್ಲಿ. ಸ್ಟೀವನ್ ಸ್ಪೀಲ್‌ಬರ್ಗ್ 1994ರಲ್ಲಿ ಕಟ್ಟಿದ ಶೋವಾ ಪ್ರತಿಷ್ಠಾನ ಬದುಕುಳಿದವರ 50,000ಕ್ಕೂ ಹೆಚ್ಚು ಸಾಕ್ಷ್ಯಗಳನ್ನು ಚಿತ್ರೀಕರಿಸಿ ಇಟ್ಟಿದೆ. ಅದರಲ್ಲಿ ಅರ್ಮೇನಿಯಾ, ರುವಾಂಡದ ಸಾಕ್ಷ್ಯಗಳೂ ಸೇರಿವೆ.

ಪಕ್ಕದ ಜಿಲ್ಲೆಯ ಪ್ರಶ್ನೆ

ಹೊರದೇಶದ ಸಾವುಗಳನ್ನು ಓದುವುದು ನಮ್ಮ ಸಾವುಗಳಿಂದ ಮುಖ ತಿರುಗಿಸಲು ನೆಪವಾಗಬಾರದು. ಬಳ್ಳಾರಿಯಿಂದ ತುಂಗಭದ್ರೆ ದಾಟಿದರೆ ಹಳೇ ಹೈದರಾಬಾದ್ ಸಂಸ್ಥಾನದ ನೆಲ. 1947-48ರಲ್ಲಿ ಅಲ್ಲಿ ರಜಾಕಾರರ ದೌರ್ಜನ್ಯಕ್ಕೆ ಸಿಕ್ಕು ಸಾವಿರಾರು ಕುಟುಂಬಗಳು ಗಡಿ ದಾಟಿ ಓಡಿಬಂದವು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಬೀದರ್, ಉಸ್ಮಾನಾಬಾದ್, ಗುಲ್ಬರ್ಗ, ನಾಂದೇಡ್ ಕಡೆ ಮುಸ್ಲಿಮರ ಹತ್ಯೆಗಳಾದವು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಸತ್ತವರು 27,000ದಿಂದ 40,000 ಎಂದು ಅಂದಾಜಿಸಿತು. ಆ ವರದಿ ದಶಕಗಳ ಕಾಲ ಕಡತದಲ್ಲೇ ಉಳಿಯಿತು.

ಎರಡನ್ನೂ ನರಮೇಧ ಎಂದು ಕರೆಯಲಾಗದು. ಯಾಕೆ ಕರೆಯಲಾಗದು, 1948ರ ಒಪ್ಪಂದದ ಎರಡನೇ ವಿಧಿ ಕೇಳುವ ‘ನಾಶದ ಉದ್ದೇಶ’ ಎಂದರೇನು, ಉದ್ದೇಶವನ್ನು ಸಾಬೀತು ಮಾಡುವುದು ಹೇಗೆ ಎಂದು ನಿಧಾನವಾಗಿ, ಎರಡೂ ಕಡೆಯ ಮನೆಗಳ ಮಾತು ಕೇಳಿ ಯೋಚಿಸುವ ಶಿಸ್ತನ್ನು ಈ ಅಧ್ಯಯನ ಕಲಿಸುತ್ತದೆ. ವೇದಿಕೆಯ ಮೇಲೆ ಸುಲಭವಾಗಿ ಕೂಗಿಬಿಡುವ ಪದ ಇದು. ತರಗತಿಯಲ್ಲಿ ಅದಕ್ಕೆ ಪುರಾವೆ ಕೇಳುತ್ತಾರೆ.

ನಮ್ಮ ಕಾನೂನಿನಲ್ಲಿ ಇಂದಿಗೂ ಜನಾಂಗಹತ್ಯೆಗೆ ಪ್ರತ್ಯೇಕ ಅಪರಾಧದ ಸ್ಥಾನವಿಲ್ಲ. 1984ರ ಸಿಖ್ಖರ ಹತ್ಯೆಗಳ ಪ್ರಕರಣವೊಂದರಲ್ಲಿ ದೆಹಲಿ ಹೈಕೋರ್ಟ್ 2018ರ ಡಿಸೆಂಬರ್ 17ರಂದು ತೀರ್ಪು ಕೊಡುತ್ತ ಈ ಕೊರತೆಯನ್ನು ಎತ್ತಿ ಹೇಳಿತು. 1946ರ ನಿರ್ಣಯಕ್ಕೆ ಮೊದಲ ಸಾಲಿನಲ್ಲಿ ನಿಂತ ದೇಶಕ್ಕೆ ಇದು ಬಾಕಿ ಉಳಿದ ಕೆಲಸ. ಅದನ್ನು ಬಲ್ಲ ವಕೀಲರು, ಅಧ್ಯಾಪಕರು ತಯಾರಾಗದೆ ಕಾನೂನು ತನ್ನಷ್ಟಕ್ಕೇ ಬರುವುದಿಲ್ಲ.

ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಿರುವುದು ದಂಡು ಪ್ರದೇಶದ ಕಡೆಯೇ. ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವಿದೆ. ಎಂ.ಎ. ಇತಿಹಾಸದಲ್ಲಿ ಸಾಮೂಹಿಕ ಹಿಂಸೆಯ ಚರಿತ್ರೆ ಎಂಬ ಒಂದೇ ಒಂದು ಐಚ್ಛಿಕ ಪತ್ರಿಕೆಯಿಂದ ಶುರು ಮಾಡಬಹುದು. ಪ್ರಬಂಧಕ್ಕೆ ವಿಷಯಗಳಿಗೇನೂ ಬರವಿಲ್ಲ. ಬಳ್ಳಾರಿಯ ಒಟ್ಟೋಮನ್ ಕೈದಿಗಳು: ಯಾರು, ಎಷ್ಟು ಮಂದಿ, ಯಾವ ಧರ್ಮ, ಯಾವ ಊರು, ಎಷ್ಟು ಜನ ಇಲ್ಲೇ ಮಣ್ಣಾದರು. ಅದರ ಬೆನ್ನಿಗೆ 1921ರ ದಂಗೆಯ ನಂತರ ಮಲಬಾರಿನಿಂದ ಅಲ್ಲೀಪುರ ಜೈಲಿಗೆ ಬಂದ ಮಾಪಿಳ್ಳೆ ಕೈದಿಗಳು. ಮೈಸೂರು ಲ್ಯಾನ್ಸರ್ಸ್ ಕಂಡ ಅಲೆಪ್ಪೊ. 1933ರಿಂದ 1945ರವರೆಗಿನ ಕನ್ನಡ ಪತ್ರಿಕೆಗಳು ಯಹೂದಿಗಳ ಬಗ್ಗೆ ಏನು ಬರೆದವು, ಯಾವಾಗ ಬರೆದವು, ಯಾವ ಪುಟದಲ್ಲಿ ಹಾಕಿದವು. ಬೆನ್ ಯಿಜು ಏಡನ್‌ಗೆ ಕಳಿಸಿದ ಕಬ್ಬಿಣ ಘಟ್ಟದ ಮೇಲಿನ ಯಾವ ಸೀಮೆಯದು.

ಆ ಹುಡುಗಿ ಮೊದಲನೆಯದನ್ನು ಆರಿಸಿಕೊಂಡಿದ್ದಾಳೆ. ಮಾರ್ಗದರ್ಶಕರು ಒಪ್ಪಿದರೆ ಜನವರಿಯಲ್ಲಿ ಎಗ್ಮೋರಿಗೆ ಹೋಗುತ್ತಾಳೆ. ಸದ್ಯ ರೆಡ್ ಕ್ರಾಸ್‌ನ ಫ್ರೆಂಚ್ ವರದಿ ಓದಲು ನಿಘಂಟು ಹುಡುಕುತ್ತಿದ್ದಾಳೆ.